ಪ್ರೀತಿಯ ಕಥೆಗೆ ಹೊಸ ಭಾಗ ಬಂದಾಗ: ಅಭಿಮಾನಿಗಳಿಗೊಂದು ಕೈಪಿಡಿ

'ದಿ ಫ್ಯಾಂಟಮ್ ಮೆನಿಸ್' ಸಿನಿಮಾಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದು ಅಣ್ಣ. ನನಗೆ ಹತ್ತು ವರ್ಷ, ಅವನಿಗೆ ಇಪ್ಪತ್ತೆರಡು. ಹಳೆಯ ಮೂರು ಸ್ಟಾರ್ ವಾರ್ಸ್ ಸಿನಿಮಾಗಳನ್ನು ಅವನು ಕ್ಯಾಸೆಟ್ ಬಾಡಿಗೆಗೆ ತಂದು ಎಷ್ಟು ಸಲ ನೋಡಿದ್ದನೋ ಲೆಕ್ಕವಿಲ್ಲ. ಹೊಸದು ಬರುತ್ತಿದೆ ಅಂತ ಗೊತ್ತಾದ ದಿನದಿಂದ ಮನೆಯಲ್ಲಿ ಅದೇ ಮಾತು. ಆದರೆ ಸಿನಿಮಾ ಮುಗಿದ ಮೇಲೆ ಬಸ್ ಸ್ಟಾಪ್‌ವರೆಗೂ ಅವನು ಬಾಯಿ ಬಿಡಲಿಲ್ಲ. ನಾನು ಮಾತ್ರ ಪಾಡ್ ರೇಸ್ ಬಗ್ಗೆ ಬಡಬಡಿಸುತ್ತಲೇ ಇದ್ದೆ. ಮನೆಗೆ ಬಂದು ಚಪ್ಪಲಿ ಬಿಡುತ್ತ ಅಮ್ಮನಿಗೆ ಅವನು ಹೇಳಿದ್ದು ಒಂದೇ ಮಾತು: "ಎಲ್ಲಾ ಹಾಳು ಮಾಡಿಬಿಟ್ಟರು." ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನನ್ನ ಜೀವನದ ಅತ್ಯಂತ ಒಳ್ಳೆಯ ದಿನವನ್ನು ಅವನು ಹಾಳು ಅಂದಿದ್ದ.

ಪಕ್ಕಪಕ್ಕದ ಸೀಟಿನಲ್ಲಿ ಕೂತು ನಾವಿಬ್ಬರೂ ಬೇರೆಬೇರೆ ಸಿನಿಮಾ ನೋಡಿ ಬಂದಿದ್ದೆವು. ಹದಿನೆಂಟು ವರ್ಷದ ನಂತರ, 2017ರ ಡಿಸೆಂಬರ್‌ನಲ್ಲಿ, ಸ್ಟಾರ್ ವಾರ್ಸ್ ಸಿನಿಮಾ 'ದಿ ಲಾಸ್ಟ್ ಜೆಡೈ' ಮುಗಿಸಿ ಹೊರಗೆ ಬಂದಾಗ ಅಣ್ಣನ ಆ ಮೌನ ಏನಂತ ನನಗೂ ಅರ್ಥವಾಯಿತು. ಆ ರಾತ್ರಿ ನಾನು ಸುಮ್ಮನಿರಲಿಲ್ಲ. ಅದರ ಕಥೆ ಮುಂದೆ ಹೇಳುತ್ತೇನೆ.

ಈ ಕೈಪಿಡಿಯಲ್ಲಿ ಹೆಚ್ಚಾಗಿ ಸ್ಟಾರ್ ವಾರ್ಸ್ ಉದಾಹರಣೆಗಳೇ ಇವೆ. ನನಗೆ ಚೆನ್ನಾಗಿ ಗೊತ್ತಿರುವುದು ಅದು. ಅಂತರಿಕ್ಷದ ಇನ್ನೊಂದು ಕಥಾಲೋಕ, ಸ್ಟಾರ್ ಟ್ರೆಕ್, ಅಲ್ಲಲ್ಲಿ ಬರುತ್ತದೆ. ನಿಮ್ಮದು ಬೇರೆ ಲೋಕವಾದರೂ ಹೆಜ್ಜೆಗಳು ಇವೇ. ಹೊಸ ಭಾಗ ನಿಮಗೆ ಇಷ್ಟವಾಗಲೇಬೇಕು ಅಂತ ನಾನು ಹೇಳುವುದಿಲ್ಲ. ಇಷ್ಟವಾಗದಿದ್ದರೆ ಅದನ್ನು ನಿಜವಾಗಿ ಹೇಳುವುದು ಹೇಗೆ, ಯಾರಿಗೂ ನೋವು ಮಾಡದೆ ಹೇಳುವುದು ಹೇಗೆ ಅನ್ನುವುದಷ್ಟೇ ನನ್ನ ಕಾಳಜಿ.

1. ಟ್ರೇಲರ್ ಬರುವ ಮೊದಲು ಒಂದು ಹಾಳೆ ಬರೆಯಿರಿ

ಈ ಲೋಕದಲ್ಲಿ ನಿಮಗೆ ಇಷ್ಟವಾದದ್ದು ಏನು? "ಎಲ್ಲಾ ಇಷ್ಟ" ಅನ್ನಬೇಡಿ. ಮೂರು ಸಂಗತಿ ಬರೆಯಿರಿ, ಅವು ಕಣ್ಣಿಗೆ ಕಾಣುವಂಥ, ಕಿವಿಗೆ ಕೇಳುವಂಥ ಸಂಗತಿಗಳಾಗಿರಲಿ.

ನನ್ನ ಹಾಳೆಯಲ್ಲಿ ಇದ್ದದ್ದು ಇವು. ಎರಡು ಸೂರ್ಯ ಮುಳುಗುವುದನ್ನು ನೋಡುತ್ತ ನಿಂತ ನಾಯಕ ಲ್ಯೂಕ್. ಜಾನ್ ವಿಲಿಯಮ್ಸ್ ಸಂಗೀತ. ಆಮೇಲೆ ಆ ಹಳೆಯ ಹಡಗುಗಳು: ಕೊಳೆಯಾದ, ತೇಪೆ ಹಾಕಿದ, ಬೇಕಾದ ಹೊತ್ತಿಗೆ ಕೆಟ್ಟು ನಿಲ್ಲುವ ಹಡಗುಗಳು. ಅಲ್ಲಿಯವರೆಗೆ ನಾನು ನೋಡಿದ ಅಂತರಿಕ್ಷದ ಕಥೆಗಳಲ್ಲಿ ಎಲ್ಲವೂ ಈಗಷ್ಟೇ ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಹಾನ್ ಸೋಲೋನ ಹಡಗು ಮಾತ್ರ ನಮ್ಮ ಮಾವನ ಹಳೆಯ ಜೀಪಿನ ಹಾಗಿತ್ತು. ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತು.

ಹಾಳೆ ಬರೆದು ಮುಗಿಸಿದಾಗ ನನಗೇ ಆಶ್ಚರ್ಯವಾಯಿತು. ಆ ಲೋಕದ ಯೋಧರಾದ ಜೆಡೈಗಳ ನಿಯಮ, ಯಾರು ಯಾರ ಮಗ, ಯಾವ ಗ್ರಹ ಎಲ್ಲಿದೆ, ಇದು ಯಾವುದೂ ಅದರಲ್ಲಿರಲಿಲ್ಲ. ಆದರೆ ಗೆಳೆಯರ ಜೊತೆ ನಾನು ವರ್ಷಗಟ್ಟಲೆ ಜಗಳವಾಡಿದ್ದು ಬರೀ ಇಂಥವುಗಳ ಮೇಲೆಯೇ! 2022ರಲ್ಲಿ 'ಆಂಡೋರ್' ಸರಣಿ ಬಂದಾಗ ಈ ಹಾಳೆ ನನ್ನನ್ನು ಕಾಪಾಡಿತು. ಲೈಟ್‌ಸೇಬರ್ ಅನ್ನುವ ಬೆಳಕಿನ ಕತ್ತಿ ಹಿಡಿದ ಜೆಡೈ ಒಬ್ಬನೂ ಇಲ್ಲದ ಸ್ಟಾರ್ ವಾರ್ಸ್ ಎಂಥ ಸ್ಟಾರ್ ವಾರ್ಸ್ ಅಂತ ಗುಂಪಿನಲ್ಲಿ ಕೆಲವರು ಗೊಣಗಿದರು. ನನ್ನ ಹಾಳೆಯಲ್ಲಿ ಲೈಟ್‌ಸೇಬರ್ ಇರಲೇ ಇಲ್ಲವಲ್ಲ. ಹಾಗಾಗಿ ಧೈರ್ಯವಾಗಿ ನೋಡಲು ಕೂತೆ.

ಇನ್ನೊಂದು ಮಾತು. ಟ್ರೇಲರ್ ಒಂದೆರಡು ಸಲ ನೋಡಿ, ಸಾಕು. ಒಂದೊಂದು ಫ್ರೇಮ್ ನಿಲ್ಲಿಸಿ "ಇದು ಇಂಥವನ ಕೈ, ಹಾಗಾದರೆ ಅವನು ಸತ್ತಿಲ್ಲ" ಅಂತ ಬಿಡಿಸಿ ಹೇಳುವ ವೀಡಿಯೊಗಳನ್ನು ಬಿಡಿ. 1998ರ ನವೆಂಬರ್‌ನಲ್ಲಿ 'ಫ್ಯಾಂಟಮ್ ಮೆನಿಸ್' ಟ್ರೇಲರ್ ಬಂದಾಗ ಅಮೆರಿಕದಲ್ಲಿ ಜನ ಬೇರೆ ಸಿನಿಮಾದ ಟಿಕೆಟ್ ಕೊಂಡು, ಟ್ರೇಲರ್ ಮಾತ್ರ ನೋಡಿ ಎದ್ದು ಹೋಗುತ್ತಿದ್ದರು. ಸಿನಿಮಾ ಬಂದದ್ದು 1999ರ ಮೇ 19ಕ್ಕೆ. ನಡುವಿನ ಆರು ತಿಂಗಳು ಪ್ರತಿಯೊಬ್ಬ ಅಭಿಮಾನಿಯೂ ತನ್ನ ತಲೆಯೊಳಗೆ ಒಂದು ಸಿನಿಮಾ ತೆಗೆದ. ನಮ್ಮ ತಲೆಯೊಳಗಿನ ಸಿನಿಮಾ ಎದುರು ಯಾವ ನಿರ್ದೇಶಕ ಗೆಲ್ಲುತ್ತಾನೆ ಹೇಳಿ?

2. ನೋಡಿದ ಮೇಲೆ ಒಂದು ವಾರ ತೀರ್ಪು ಕೊಡಬೇಡಿ

ಇದು ಓದಲು ಸುಲಭ, ಮಾಡಲು ಕಷ್ಟ. ಥಿಯೇಟರ್‌ನಿಂದ ಹೊರಗೆ ಕಾಲಿಡುವ ಮೊದಲೇ ಕೈ ಮೊಬೈಲ್ ಹುಡುಕುತ್ತದೆ. ಗೆಳೆಯರು "ಹೇಗಿದೆ? ಹೇಗಿದೆ?" ಅಂತ ಕೇಳುತ್ತಾರೆ. "ಇನ್ನೂ ಯೋಚಿಸುತ್ತಾ ಇದ್ದೇನೆ" ಅಂತ ಹೇಳಿ. ಅದು ತಪ್ಪಿಸಿಕೊಳ್ಳುವ ಮಾತಲ್ಲ, ನಿಜವಾದ ಉತ್ತರ. ಹೇಳಲೇಬೇಕು ಅನ್ನಿಸಿದ್ದನ್ನು ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ, ಯಾರಿಗೂ ಕಳಿಸಬೇಡಿ.

ಯಾಕೆ ಒಂದು ವಾರ? ಮೊದಲ ಸಲ ನೋಡುವಾಗ ನಾವು ಸಿನಿಮಾ ನೋಡುತ್ತಿರುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದವರು ಮನೆ ಬದಲಾಗಿದೆಯಾ ಅಂತ ಮೂಲೆಮೂಲೆ ನೋಡುವ ಹಾಗೆ ನೋಡುತ್ತಿರುತ್ತೇವೆ. ಬಾವಿ ಇದೆಯಾ? ಹಲಸಿನ ಮರ ಕಡಿದರಾ? ಜಗುಲಿಯಲ್ಲಿ ಟೈಲ್ಸ್ ಯಾಕೆ ಹಾಕಿದರು? ಅಷ್ಟರಲ್ಲಿ ಎದುರಿಗೆ ನಿಂತು ಮಾತಾಡುತ್ತಿರುವ ಮನುಷ್ಯರು ಹೇಳಿದ್ದು ಕಿವಿಗೇ ಬಿದ್ದಿರುವುದಿಲ್ಲ.

ಮೊದಲ ತೀರ್ಪು ಎಷ್ಟು ಸಲ ತಿರುಗಿದೆ ನೋಡಿ. 'ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್' ಇಂದು ಸ್ಟಾರ್ ವಾರ್ಸ್‌ನಲ್ಲೇ ಶ್ರೇಷ್ಠ ಅನ್ನಿಸಿಕೊಂಡಿದೆ. 1980ರಲ್ಲಿ ಬಂದಾಗ ಅದಕ್ಕೆ ಸಿಕ್ಕಿದ್ದು ಮಿಶ್ರ ವಿಮರ್ಶೆ. ಕಥೆಗೆ ಸರಿಯಾದ ಕೊನೆಯೇ ಇಲ್ಲ, ನಡುವೆ ಬಿಟ್ಟು ಎದ್ದು ಹೋದ ಹಾಗಿದೆ ಅನ್ನುವ ದೂರು ಆಗ ಇತ್ತು. ನಮಗೆಲ್ಲ ಈಗ ಇಷ್ಟವಾಗುವುದೇ ಆ ಅರ್ಧಕ್ಕೆ ನಿಂತ ನೋವು, ಅಲ್ವಾ?

ಸ್ಟಾರ್ ಟ್ರೆಕ್‌ನವರ ಕಥೆಯೂ ಇದೇ. ಮೂಲ ಸರಣಿ 1966ರಿಂದ 1969ರವರೆಗೆ ಮೂರು ಸೀಸನ್, 79 ಎಪಿಸೋಡ್ ಬಂದಿತ್ತು. 1980ರ ದಶಕದಲ್ಲಿ ದೂರದರ್ಶನ ಅದನ್ನು ತೋರಿಸಿತ್ತು. ನಮ್ಮಲ್ಲಿ ಅಪ್ಪ ಚಿಕ್ಕಪ್ಪಂದಿರ ವಯಸ್ಸಿನ ಎಷ್ಟೋ ಮಂದಿಗೆ ಸ್ಪಾಕ್‌ನ ಕಿವಿ ಗೊತ್ತಿರುವುದು ಹಾಗೆ. 1987ರಲ್ಲಿ 'ದಿ ನೆಕ್ಸ್ಟ್ ಜನರೇಷನ್' ಶುರುವಾದಾಗ ಹಳೆಯ ಅಭಿಮಾನಿಗಳು ಮುಖ ಸಿಂಡರಿಸಿದರು. ಕರ್ಕ್ ಇಲ್ಲ, ಸ್ಪಾಕ್ ಇಲ್ಲ, ಕೂದಲಿಲ್ಲದ ಹೊಸ ಕ್ಯಾಪ್ಟನ್. ಇದು ನಡೆಯುವುದಿಲ್ಲ ಅಂತಲೇ ಎಲ್ಲರ ಲೆಕ್ಕ. ಕ್ಯಾಪ್ಟನ್ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟುವರ್ಟ್ ತಾವೇ ಮೊದಲ ಕೆಲವು ವಾರ ಸೂಟ್‌ಕೇಸ್ ಖಾಲಿ ಮಾಡಿರಲಿಲ್ಲ ಅಂತ ನೆನೆಸಿಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ಮೊದಲ ಸೀಸನ್ ಸೊರಗಿದೆ. ಮೂರನೆಯದರ ಹೊತ್ತಿಗೆ ಅದು ತನ್ನ ನಡಿಗೆ ಕಂಡುಕೊಂಡಿತು. ಒಟ್ಟು ಏಳು ಸೀಸನ್, 178 ಎಪಿಸೋಡ್. ಇಂದು ಎಷ್ಟೋ ಜನರಿಗೆ ಸ್ಟಾರ್ ಟ್ರೆಕ್ ಅಂದರೆ ಅದೇ.

ಎಲ್ಲ ಹೊಸ ಭಾಗಗಳೂ ಹೀಗೆ ಮುಂದೆ ಚಿನ್ನವಾಗುತ್ತವೆ ಅಂತ ನನ್ನ ಮಾತಿನ ಅರ್ಥವಲ್ಲ. ಕೆಲವು ಮೊದಲ ದಿನವೂ ಕೆಟ್ಟವು, ಇಪ್ಪತ್ತು ವರ್ಷ ಕಳೆದರೂ ಕೆಟ್ಟವೇ. ಆದರೆ ಯಾವುದು ಯಾವುದು ಅಂತ ಮೊದಲ ರಾತ್ರಿ ನಮಗೆ ತಿಳಿಯುವುದಿಲ್ಲ.

3. ಎರಡನೇ ಸಲ ನೋಡಿ, ಸಾಧ್ಯವಾದರೆ ಹೊಸಬರ ಜೊತೆ

ಎರಡನೇ ಸಲ ನೋಡುವಾಗ ಕಥೆ ಗೊತ್ತಿರುತ್ತದೆ. ನಿರೀಕ್ಷೆಯ ಭಾರ ಇಳಿದಿರುತ್ತದೆ. ಏನು ಇಲ್ಲ ಅನ್ನುವುದರ ಬದಲು ಏನಿದೆ ಅಂತ ನೋಡಬಹುದು.

ಸೀರಿಯಲ್ ಆದರೆ ಮೂರು ಎಪಿಸೋಡ್ ಕೊಡಿ. 'ಆಂಡೋರ್' ಮೊದಲ ಮೂರನ್ನು ಒಂದೇ ದಿನ ಬಿಡುಗಡೆ ಮಾಡಿದ್ದು ಸುಮ್ನೆ ಅಲ್ಲ. ಮೊದಲ ಎರಡು ನಿಧಾನವಾಗಿ ಸೌದೆ ಒಟ್ಟುತ್ತವೆ, ಬೆಂಕಿ ಹತ್ತುವುದು ಮೂರನೆಯದರಲ್ಲಿ.

ಜೊತೆಗೆ ಕೂರಲು ಮಗುವೊಂದು ಸಿಕ್ಕರೆ ಇನ್ನೂ ಒಳ್ಳೆಯದು. ಒಂದೇ ಷರತ್ತು: ಸಿನಿಮಾ ಮುಗಿದ ಮೇಲೆ ಮೊದಲು ಮಾತಾಡಬೇಕಾದದ್ದು ಮಗು. ನೀವು ನಿಟ್ಟುಸಿರು ಬಿಡಬಾರದು, "ಹಳೆಯದು ಇದಕ್ಕಿಂತ ಚೆನ್ನಾಗಿತ್ತು" ಅನ್ನಬಾರದು. ಮಗು ಬಂದದ್ದೇ ಈಗ. ಅದಕ್ಕೆ ಇದೇ ಮೊದಲು. ಹತ್ತು ವರ್ಷದ ನಾನು 1999ರಲ್ಲಿ ಕಂಡ ಸಿನಿಮಾ ಸುಳ್ಳಾಗಿರಲಿಲ್ಲ. ನನ್ನ ವಯಸ್ಸಿನ ಲಕ್ಷಾಂತರ ಮಕ್ಕಳು ಅದನ್ನೇ ಕಂಡಿದ್ದರು, ದೊಡ್ಡವರಾದ ಮೇಲೆ ಬಿಟ್ಟುಕೊಡಲಿಲ್ಲ. 2024ರ ಮೇನಲ್ಲಿ, ಇಪ್ಪತ್ತೈದು ವರ್ಷ ತುಂಬಿದಾಗ, ಅದೇ ಸಿನಿಮಾ ಮತ್ತೆ ಥಿಯೇಟರ್‌ಗೆ ಬಂದಿತು.

4. ದೂರುಗಳನ್ನು ಮೊರಕ್ಕೆ ಹಾಕಿ ಕೇರಿ

ಒಂದು ವಾರ ಆಯಿತು, ಎರಡನೇ ಸಲವೂ ನೋಡಿದಿರಿ, ಈಗಲೂ ಸಿಟ್ಟು ಇದೆ. ಸರಿ. ಈಗ ನೋಟ್‌ಬುಕ್ ತೆರೆಯಿರಿ. ಬರೆದುಕೊಂಡ ಒಂದೊಂದು ದೂರನ್ನೂ ನೋಡಿ ಕೇಳಿಕೊಳ್ಳಿ: ಇದು ಕೆಲಸದ ತಪ್ಪೋ, ನನಗೆ ಬೇಡವಾದ ದಾರಿಯೋ, ಅಥವಾ ಇದನ್ನು ನನಗಾಗಿ ಮಾಡಿಯೇ ಇಲ್ಲವೋ?

'ಲಾಸ್ಟ್ ಜೆಡೈ' ಬಗ್ಗೆ ನನ್ನ ದೂರುಗಳನ್ನೇ ತೆಗೆದುಕೊಳ್ಳಿ. ಕ್ಯಾಂಟೋ ಬೈಟ್ ಅನ್ನುವ ಜೂಜಿನ ಊರಿಗೆ ಹೋಗಿ ಬರುವ ಭಾಗ ಉದ್ದವಾಯಿತು, ಅದರಿಂದ ಮುಖ್ಯ ಕಥೆಯ ಬಿಗಿ ಸಡಿಲವಾಯಿತು. ಇದು ಕೆಲಸದ ಬಗ್ಗೆ ದೂರು. ಇದನ್ನು ಧೈರ್ಯವಾಗಿ ಹೇಳಬಹುದು, ಬೇರೆಯವರು ಒಪ್ಪದೆ ವಾದ ಮಾಡಬಹುದು, ಅದು ಆರೋಗ್ಯವಾದ ಜಗಳ.

ಎರಡನೆಯದು: ಲ್ಯೂಕ್ ಎಲ್ಲವನ್ನೂ ಬಿಟ್ಟು ಒಂದು ದ್ವೀಪದಲ್ಲಿ ಅಡಗಿ ಕೂತದ್ದು. ಇದು ನನ್ನ ಎದೆಗೆ ಚುಚ್ಚಿತ್ತು. ನನ್ನ ಬಾಲ್ಯದ ಲ್ಯೂಕ್ ಯಾರನ್ನೂ ಕೈಬಿಡುವವನಲ್ಲ. ಆದರೆ ಶಾಂತವಾಗಿ ಕೂತು ನೋಡಿದಾಗ ಇದನ್ನು ತಪ್ಪು ಅನ್ನಲು ಆಗಲಿಲ್ಲ. ಸಿನಿಮಾ ಅದಕ್ಕೆ ಕಾರಣ ಕೊಡುತ್ತದೆ, ಕೊನೆಯಲ್ಲಿ ಅವನನ್ನು ಎದ್ದು ನಿಲ್ಲಿಸುತ್ತದೆ. ನನಗೆ ಬೇಕಾದ ದಾರಿ ಅದಲ್ಲ, ಅಷ್ಟೇ. ನಿಜ ಹೇಳಬೇಕೆಂದರೆ ಲ್ಯೂಕ್ ಪಾತ್ರ ಮಾಡಿದ ಮಾರ್ಕ್ ಹ್ಯಾಮಿಲ್ ಅವರಿಗೇ ಈ ದಾರಿ ಒಪ್ಪಿಗೆಯಾಗಿರಲಿಲ್ಲ. ಅವರು ಅದನ್ನು ನಿರ್ದೇಶಕ ರಿಯಾನ್ ಜಾನ್ಸನ್‌ಗೆ ನೇರವಾಗಿ ಹೇಳಿದರು. ಆಮೇಲೆ ಆ ಪಾತ್ರಕ್ಕೆ ತಮ್ಮ ಕೈಲಾದದ್ದನ್ನೆಲ್ಲ ಕೊಟ್ಟರು. ಆ ಸಿನಿಮಾದಲ್ಲಿ ಅವರ ಕಣ್ಣುಗಳನ್ನು ನೋಡಿ, ಗೊತ್ತಾಗುತ್ತದೆ. ಮುಂದೆ, ತಮ್ಮ ಅನುಮಾನಗಳನ್ನು ಬಹಿರಂಗವಾಗಿ ಹೇಳಿಕೊಂಡದ್ದಕ್ಕೆ ವಿಷಾದವಿದೆ ಅಂತಲೂ ಹೇಳಿದರು. ಒಪ್ಪದೆ ಇರುವುದು ಹೇಗೆ ಅಂತ ಕಲಿಯಬೇಕಾದರೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಯಕ್ಷಗಾನ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ಪ್ರಸಂಗ ಅದೇ, ಕರ್ಣ ಅವನೇ. ಆದರೆ ಇವತ್ತು ವೇಷ ಕಟ್ಟಿದವರು ಬೇರೆ, ಅವರು ಹೇಳುವ ಅರ್ಥವೂ ಬೇರೆ. ಬೆಳಗಿನ ಜಾವ ಮನೆಗೆ ನಡೆಯುತ್ತ ಹಿರಿಯರು ಚರ್ಚೆ ಮಾಡುತ್ತಾರೆ: ಇವರು ಕರ್ಣನ ಅಭಿಮಾನ ಜಾಸ್ತಿ ತೋರಿಸಿದರು, ಅವರಾದರೆ ದುಃಖ ತೋರಿಸುತ್ತಿದ್ದರು. "ನನ್ನ ಕರ್ಣನನ್ನು ಕೊಂದುಬಿಟ್ಟರು" ಅಂತ ಯಾರೂ ಅನ್ನುವುದಿಲ್ಲ. ಮುಂದಿನ ವಾರ ಇನ್ನೊಂದು ಆಟ ಇದ್ದೇ ಇರುತ್ತದೆ.

ಮೂರನೇ ಜಾತಿಯ ದೂರನ್ನು ಬೇಗ ಬಿಟ್ಟುಬಿಡಿ. ಚಿಕ್ಕ ಮಕ್ಕಳಿಗಾಗಿ ಮಾಡಿದ್ದು ಮಕ್ಕಳಾಟದ ಹಾಗಿದೆ ಅಂತ ನಲವತ್ತು ವರ್ಷದವರು ಗೋಳಾಡಬಾರದು.

ಕೇರಿದ ಮೇಲೆ ಉಳಿದದ್ದನ್ನು ಬರೆಯಿರಿ, ಹೇಳಿ, ಜಗಳವಾಡಿ. ಬರೆಯುವಾಗ ದೃಶ್ಯ ಹೆಸರಿಸಿ. "ಆತ್ಮವೇ ಇಲ್ಲ" ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಕೊನೆಯ ಯುದ್ಧದಲ್ಲಿ ಯಾರು ಎಲ್ಲಿದ್ದಾರೆ ಅಂತ ಗೊತ್ತಾಗಲಿಲ್ಲ" ಅಂದರೆ ತಿಳಿಯುತ್ತದೆ. ಚೆನ್ನಾಗಿದ್ದ ಒಂದನ್ನಾದರೂ ಸೇರಿಸಿ, ಇದ್ದರೆ.

5. ಮನುಷ್ಯರನ್ನು ಮುಟ್ಟಬೇಡಿ

ಇಡೀ ಕೈಪಿಡಿಯಲ್ಲಿ ಒಂದೇ ಹೆಜ್ಜೆ ಇಟ್ಟುಕೊಳ್ಳಿ ಅಂದರೆ ನಾನು ಇದನ್ನು ಕೊಡುತ್ತೇನೆ.

1999ರ 'ಫ್ಯಾಂಟಮ್ ಮೆನಿಸ್'ನಲ್ಲಿ ಜಾರ್ ಜಾರ್ ಬಿಂಕ್ಸ್ ಅನ್ನುವ ತಮಾಷೆಯ ಪಾತ್ರ ಮಾಡಿದ ಅಹ್ಮದ್ ಬೆಸ್ಟ್ ಆಗಿನ್ನೂ ಇಪ್ಪತ್ತೈದರ ಯುವಕ. ಕಂಪ್ಯೂಟರ್ ಗ್ರಾಫಿಕ್ಸ್ ಪಾತ್ರವೊಂದು ನಿಜವಾದ ನಟರ ನಡುವೆ ಇಡೀ ಸಿನಿಮಾ ಓಡಾಡುವುದು ಆಗ ಹೊಸ ಸಾಹಸ. ಅದಕ್ಕೆ ಮೈ ಕೊಟ್ಟವರು, ದನಿ ಕೊಟ್ಟವರು ಅವರು. ಪ್ರತಿಯಾಗಿ ಸಿಕ್ಕಿದ್ದು ಲೋಕದ ದ್ವೇಷ. 2018ರಲ್ಲಿ, ಪುಟ್ಟ ಮಗನ ಜೊತೆ ಸೇತುವೆಯ ಮೇಲೆ ನಿಂತ ಒಂದು ಚಿತ್ರ ಹಾಕಿ, ಆ ದಿನಗಳಲ್ಲಿ ತಾನು ಜೀವ ಕಳೆದುಕೊಳ್ಳಲು ಹೊರಟ ಜಾಗ ಇದು ಅಂತ ಅವರು ಬರೆದರು. ಓದಿದಾಗ ನನಗೆ ಅಣ್ಣನ ಆ ಸಂಜೆ ನೆನಪಾಯಿತು. ಅಣ್ಣ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಆದರೆ ಜಾರ್ ಜಾರ್ ಹೆಸರು ಹೇಳಿದರೆ ಅವನೂ ಅವನ ಗೆಳೆಯರೂ ನಗುತ್ತಿದ್ದರು. ಆ ನಗು ಸಾವಿರಾರು ಊರುಗಳಲ್ಲಿ ಒಟ್ಟಿಗೆ ಕೇಳಿದರೆ ಒಬ್ಬ ಮನುಷ್ಯನ ಮೇಲೆ ಎಷ್ಟು ಭಾರ ಬೀಳುತ್ತದೆ!

ಅದೇ ಸಿನಿಮಾದಲ್ಲಿ ಬಾಲಕ ಅನಕಿನ್ ಆಗಿದ್ದ ಜೇಕ್ ಲಾಯ್ಡ್ ಚಿತ್ರೀಕರಣದ ಹೊತ್ತಿಗೆ ಎಂಟು ವರ್ಷದ ಹುಡುಗ. ಶಾಲೆಯಲ್ಲಿ ಮಕ್ಕಳು ಅವನನ್ನು ನೋಡಿದಾಗಲೆಲ್ಲ ಲೈಟ್‌ಸೇಬರ್ ಶಬ್ದ ಮಾಡಿ ಗೇಲಿ ಮಾಡುತ್ತಿದ್ದರು ಅಂತ ಮುಂದೆ ಅವನೇ ಹೇಳಿಕೊಂಡ. 2001ರಲ್ಲಿ ನಟನೆ ಬಿಟ್ಟ.

ಈಗ ನನ್ನ ಕಥೆ. 2017ರಲ್ಲಿ ನಾನೊಂದು ವಾಟ್ಸ್‌ಆಪ್ ಗುಂಪಿನ ಅಡ್ಮಿನ್ ಆಗಿದ್ದೆ. 'ಲಾಸ್ಟ್ ಜೆಡೈ' ನೋಡಿ ಬಂದ ರಾತ್ರಿ ಒಂದು ಗಂಟೆಯವರೆಗೆ ಕೂತು ಉದ್ದದ ಬರಹ ಹಾಕಿದೆ. ಅದರಲ್ಲಿ ರೋಸ್ ಅನ್ನುವ ಹೊಸ ಪಾತ್ರದ ಬಗ್ಗೆ "ಇವಳು ಯಾಕೆ ಬೇಕಿತ್ತು?" ಅಂತ ಒಂದು ಸಾಲು ಇತ್ತು. ಬೈಗುಳ ಇರಲಿಲ್ಲ. ಅದರ ಕೆಳಗೆ ಬೇರೆಯವರು ಶುರು ಮಾಡಿದರು. ಪಾತ್ರದಿಂದ ನಟಿಗೆ ಹೋದರು, ನಟಿಯಿಂದ ಅವಳ ಮುಖಕ್ಕೆ, ಮೈಗೆ, ಜನಾಂಗಕ್ಕೆ. ನಾನು ಒಂದನ್ನೂ ಅಳಿಸಲಿಲ್ಲ. ನಾನು ಬರೆದದ್ದಲ್ಲವಲ್ಲ ಅಂತ ಸುಮ್ಮನಿದ್ದೆ.

ಆ ನಟಿ ಕೆಲ್ಲಿ ಮೇರಿ ಟ್ರಾನ್. ವಿಯೆಟ್ನಾಂ ಯುದ್ಧದ ನಿರಾಶ್ರಿತರ ಮಗಳು. ತಿಂಗಳುಗಟ್ಟಲೆ ಜಗತ್ತಿನ ಎಲ್ಲ ಮೂಲೆಗಳಿಂದ ಇಂಥದೇ ಮಾತು ತಿಂದು, 2018ರ ಜೂನ್‌ನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿದ್ದ ತನ್ನ ಚಿತ್ರಗಳನ್ನೆಲ್ಲ ತೆಗೆದುಹಾಕಿದಳು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಅವಳ ಲೇಖನ ಬಂತು. ಆ ಮಾತುಗಳನ್ನು ತಾನೇ ನಂಬಲು ಶುರು ಮಾಡಿದ್ದೆ ಅನ್ನುವುದು ಅದರ ತಿರುಳು. ಅದನ್ನು ಓದಿ ನಾನು ಗುಂಪಿನಲ್ಲಿ ಹಿಂದಕ್ಕೆ ಹೋಗಿ ನನ್ನ ಬರಹ ಹುಡುಕಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಅಂತ ಅಮ್ಮ ಹೇಳುತ್ತಾಳೆ. ನಮ್ಮ ಗುಂಪಿನ ಮಾತು ಆಕೆಗೆ ತಲುಪಿರಲಿಕ್ಕಿಲ್ಲ. ಆದರೆ ನಮ್ಮ ಗುಂಪಿನಲ್ಲಿದ್ದ ಇಬ್ಬರು ಹುಡುಗಿಯರಿಗೆ ತಲುಪಿತ್ತು. ಅವರು ಯಾವಾಗಲೋ ಗುಂಪು ಬಿಟ್ಟು ಹೋಗಿದ್ದರು. ನಾನು ಗಮನಿಸಿರಲೇ ಇಲ್ಲ.

ಅದಕ್ಕೇ ಈಗ ನಾನು ಪಾಲಿಸುವ, ನಿಮಗೂ ಪಾಲಿಸಿ ಅಂತ ಕೇಳಿಕೊಳ್ಳುವ ಕೆಲವು ನಿಯಮಗಳಿವೆ. ಟೀಕೆ ಬರೆದಾಗ ನಟರನ್ನು, ಬರಹಗಾರರನ್ನು ಟ್ಯಾಗ್ ಮಾಡಬೇಡಿ. ಹೊಗಳುವಾಗ ಮಾಡಿ. ಪಾತ್ರದ ಬಗ್ಗೆ ಬರೆಯುವಾಗ ಪಾತ್ರದ ಹೆಸರು ಬಳಸಿ, ನಟರ ಹೆಸರಲ್ಲ. ಮೈಬಣ್ಣ, ಮೈಕಟ್ಟು, ಹೆಣ್ಣು ಗಂಡು ಅನ್ನುವುದು ನಿಮ್ಮ ವಾಕ್ಯದೊಳಗೆ ಬಂದರೆ ಅಲ್ಲೇ ನಿಲ್ಲಿಸಿ, ಮತ್ತೆ ಓದಿ. ಗುಂಪಿನ ಅಡ್ಮಿನ್ ಆಗಿದ್ದರೆ ಕೆಟ್ಟ ಮಾತನ್ನು ಅದೇ ಗಂಟೆಯಲ್ಲಿ ಅಳಿಸಿ, ಯಾಕೆ ಅಳಿಸಿದಿರಿ ಅಂತ ಎಲ್ಲರಿಗೂ ಕಾಣುವ ಹಾಗೆ ಹೇಳಿ. ಗುಟ್ಟಾಗಿ ಹೇಳಿದರೆ ನೋವು ತಿಂದವರಿಗೆ ಅದು ಗೊತ್ತೇ ಆಗುವುದಿಲ್ಲ. ನಿಮ್ಮ ಬರಹದ ಕೆಳಗೆ ಬರುವ ಮಾತಿಗೆ ನೀವೂ ಸ್ವಲ್ಪ ಹೊಣೆ. ನಾನು ಇದನ್ನು ತಡವಾಗಿ ಕಲಿತೆ.

ಅಹ್ಮದ್ ಬೆಸ್ಟ್ 2023ರಲ್ಲಿ 'ದಿ ಮ್ಯಾಂಡಲೋರಿಯನ್' ಮೂರನೇ ಸೀಸನ್‌ನಲ್ಲಿ ಮತ್ತೆ ಬಂದರು. ಈ ಸಲ ಜೆಡೈ ಆಗಿ. ಎರಡು ಕೈಯಲ್ಲೂ ಲೈಟ್‌ಸೇಬರ್ ಹಿಡಿದು, ಪುಟ್ಟ ಗ್ರೋಗುವನ್ನು ಸಾವಿನ ಬಾಯಿಂದ ಎತ್ತಿಕೊಂಡು ಹೋಗುವುದು ಅವರೇ. ಆ ಎಪಿಸೋಡ್ ನಾನು ನಿಲ್ಲಿಸಿ ನಿಲ್ಲಿಸಿ ನೋಡಿದೆ, ಕಣ್ಣು ಒರೆಸಿಕೊಳ್ಳಬೇಕಿತ್ತು.

6. ಅಂಕಿಗಳನ್ನು ಪೂರ್ತಿ ನಂಬಬೇಡಿ

ಇದು ಚಿಕ್ಕ ಹೆಜ್ಜೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ವೆಬ್‌ಸೈಟ್ ರಾಟನ್ ಟೊಮೆಟೋಸ್‌ನಲ್ಲಿ 'ಲಾಸ್ಟ್ ಜೆಡೈ'ಗೆ ವಿಮರ್ಶಕರ ಅಂಕ ಶೇಕಡಾ 90ರ ಆಸುಪಾಸು, ಪ್ರೇಕ್ಷಕರದ್ದು 40ರ ಆಸುಪಾಸು. ಆದರೆ ಸಿನಿಮಾ ನೋಡಿ ಥಿಯೇಟರ್‌ನಿಂದ ಹೊರಬರುವವರನ್ನೇ ಕೇಳುವ ಸಿನಿಮಾಸ್ಕೋರ್‌ನಲ್ಲಿ ಅದಕ್ಕೆ 'ಎ' ಸಿಕ್ಕಿತ್ತು. ಇವೆರಡೂ ಪ್ರೇಕ್ಷಕರೇ! ಒಂದರಲ್ಲಿ ಬಂದು ಬರೆಯುವಷ್ಟು ಸಿಟ್ಟೋ ಪ್ರೀತಿಯೋ ಇದ್ದವರು, ಇನ್ನೊಂದರಲ್ಲಿ ಆ ದಿನ ಟಿಕೆಟ್ ಕೊಂಡವರು. ಹಾಗಾಗಿ ನಿಮ್ಮ ಅಭಿಪ್ರಾಯ ಗಟ್ಟಿ ಮಾಡಿಕೊಳ್ಳಲು ಅಂಕಿ ತೋರಿಸಬೇಡಿ. ಬಿಡುಗಡೆಗೆ ಮೊದಲೇ ಸೊನ್ನೆ ಕೊಡುವ ಆಟಕ್ಕಂತೂ ಸೇರಲೇಬೇಡಿ.

7. ನಿಜವಾಗಿ ಏನೋ ಬದಲಾಗಬೇಕು ಅನ್ನಿಸಿದರೆ ಕೇಳಿ

ಅಭಿಮಾನಿಗಳು ಸುಮ್ಮನೆ ಸಿಕ್ಕಿದ್ದನ್ನು ತಿನ್ನಬೇಕು ಅಂತ ನಾನು ಹೇಳುತ್ತಿಲ್ಲ. ಕೇಳುವ ಹಕ್ಕು ನಮಗಿದೆ. ಕೇಳಿ ಪಡೆದ ಇತಿಹಾಸವೂ ಇದೆ.

ಸ್ಟಾರ್ ಟ್ರೆಕ್ ಎರಡನೇ ಸೀಸನ್‌ಗೇ ನಿಲ್ಲಬಹುದು ಅನ್ನುವ ಸ್ಥಿತಿ ಬಂದಾಗ ಅಭಿಮಾನಿ ಬ್ಜೋ ಟ್ರಿಂಬಲ್ ಮತ್ತು ಅವರ ಪತಿ ಜಾನ್ ಪತ್ರ ಚಳವಳಿ ಶುರು ಮಾಡಿದರು. ಸರಣಿ ತೋರಿಸುತ್ತಿದ್ದ ಎನ್‌ಬಿಸಿ ಕಚೇರಿಗೆ ಪತ್ರಗಳ ಮಳೆ ಸುರಿಯಿತು. 1968ರ ಮಾರ್ಚ್ 1ರಂದು, ಎಪಿಸೋಡ್ ಮುಗಿದ ಮೇಲೆ, ಸರಣಿ ಮುಂದುವರಿಯುತ್ತದೆ ಅಂತ ಟಿವಿಯಲ್ಲೇ ಘೋಷಿಸಬೇಕಾಯಿತು. ಇನ್ನು ಕೆಲವು ವರ್ಷಕ್ಕೆ ಅಭಿಮಾನಿಗಳ ಪತ್ರಗಳಿಂದಲೇ ನಾಸಾದ ಮೊದಲ ಸ್ಪೇಸ್ ಶಟಲ್‌ಗೆ 'ಎಂಟರ್‌ಪ್ರೈಸ್' ಅಂತ, ಸರಣಿಯ ಹಡಗಿನದೇ ಹೆಸರು ಬಂತು. ಅದು 1976. ಮೊನ್ನೆಮೊನ್ನೆಯ ಮಾತೆಂದರೆ 2018ರಲ್ಲಿ 'ದಿ ಎಕ್ಸ್‌ಪ್ಯಾನ್ಸ್' ಸರಣಿ ನಿಂತಾಗ ಅಭಿಮಾನಿಗಳು ಹಣ ಕೂಡಿಸಿ, ಬ್ಯಾನರ್ ಕಟ್ಟಿದ ಪುಟ್ಟ ವಿಮಾನವನ್ನು ಅಮೆಜಾನ್ ಕಚೇರಿಯ ಮೇಲೆ ಹಾರಿಸಿದರು. ಅಮೆಜಾನ್ ಅದನ್ನು ಕೈಗೆತ್ತಿಕೊಂಡಿತು, ಇನ್ನೂ ಮೂರು ಸೀಸನ್ ಬಂದವು.

ಗಮನಿಸಿ, ಇವರೆಲ್ಲ ಕೇಳಿದ್ದು "ಇದನ್ನು ಕೊಡಿ" ಅಂತ. "ಅವನನ್ನು ತೆಗೆದುಹಾಕಿ" ಅಂತ ಅಲ್ಲ.

ನನ್ನದೂ ಒಂದು ಬೇಡಿಕೆ ಇದೆ. ಹೊಸದು ಬಂದರೇನು, ಹಳೆಯದು ಹಾಗೇ ಇರುತ್ತದಲ್ಲ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಸ್ಟಾರ್ ವಾರ್ಸ್ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. 1977ರಲ್ಲಿ ಬಂದ ಮೊದಲ ಸಿನಿಮಾವನ್ನು ಅದರ ನಿರ್ದೇಶಕ ಜಾರ್ಜ್ ಲ್ಯೂಕಸ್ 1997ರಲ್ಲಿ ತಿದ್ದಿ ಮತ್ತೆ ಬಿಟ್ಟರು. ಹಾನ್ ಸೋಲೋ ಮೊದಲು ಗುಂಡು ಹಾರಿಸುತ್ತಿದ್ದ ದೃಶ್ಯದಲ್ಲಿ ಎದುರಾಳಿ ಗ್ರೀಡೋ ಮೊದಲು ಹಾರಿಸಿದ. ಅಲ್ಲಿಂದ ಮುಂದೆ ಅಂಗಡಿಗೂ ಆನ್‌ಲೈನ್‌ಗೂ ಬಂದದ್ದು ಹೆಚ್ಚಾಗಿ ತಿದ್ದಿದ ಪ್ರತಿಯೇ. ಅಣ್ಣ ಟೇಪಿನಲ್ಲಿ ನೋಡಿದ ಸಿನಿಮಾ ಇಂದು ಸುಲಭವಾಗಿ ಸಿಗುವುದಿಲ್ಲ. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ 1977ರ ಮೂಲ ಪ್ರಿಂಟನ್ನು ತೋರಿಸಿದಾಗ ಅದು ದೊಡ್ಡ ಸುದ್ದಿಯಾಯಿತು. ಹಳೆಯದನ್ನು ಅಳಿಸಬೇಡಿ, ಹೊಸದರ ಪಕ್ಕದಲ್ಲೇ ಇಡಿ ಅಂತ ಕೇಳುವುದು ನ್ಯಾಯವಾದ ಬೇಡಿಕೆ. ಇದಕ್ಕಾಗಿ ಎಷ್ಟು ಪತ್ರ ಬೇಕಾದರೂ ಬರೆಯೋಣ.

8. ಬಿಡುವುದಾದರೆ ನಿಧಾನವಾಗಿ ಬಿಡಿ

ಬಿಡಬಹುದು. ಇದನ್ನು ಯಾರೂ ಹೇಳುವುದಿಲ್ಲ. ಹೊಸ ಸಿನಿಮಾ, ಹೊಸ ಸೀರಿಯಲ್, ಎಲ್ಲವನ್ನೂ ನೋಡಲೇಬೇಕು ಅನ್ನುವ ಕಾನೂನು ಇಲ್ಲ. 2012ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಸ್ಟಾರ್ ವಾರ್ಸ್ ಮಾಡುವ ಲ್ಯೂಕಸ್‌ಫಿಲ್ಮ್ ಕಂಪನಿಯನ್ನು ಕೊಂಡ ಮೇಲೆ ಬಂದದ್ದನ್ನೆಲ್ಲ ನೋಡಬೇಕೆಂದರೆ ಬೇರೆ ಕೆಲಸವೇ ಬಿಡಬೇಕು. ಪ್ರೀತಿಯಿಲ್ಲದೆ, ಬರೀ ಬೈಯಲು ನೋಡುತ್ತಿದ್ದೇನೆ ಅಂತ ಅನ್ನಿಸಿದ ದಿನ ನಿಲ್ಲಿಸಿ. ಸುದ್ದಿ ಬರುವ ಚಾನೆಲ್‌ಗಳನ್ನು ಅನ್‌ಫಾಲೋ ಮಾಡಿ. ಇಷ್ಟವಾದ ಹಳೆಯದನ್ನು ವರ್ಷಕ್ಕೊಮ್ಮೆ ನೋಡಿ. ಬಿಡುತ್ತಿದ್ದೇನೆ ಅಂತ ಘೋಷಣೆ ಬೇಡ, ಉಳಿದವರ ಸಂತೋಷ ಕೆಡುತ್ತದೆ.

ಬಾಗಿಲು ಮಾತ್ರ ಮುಚ್ಚಬೇಡಿ. 2014ರ ಏಪ್ರಿಲ್‌ನಲ್ಲಿ, ಹಳೆಯ ಸ್ಟಾರ್ ವಾರ್ಸ್ ಕಾದಂಬರಿಗಳೆಲ್ಲ ಇನ್ನು ಮುಂದೆ ಅಧಿಕೃತ ಕಥೆಯಲ್ಲ, 'ಲೆಜೆಂಡ್ಸ್' ಮಾತ್ರ ಅಂತ ಲ್ಯೂಕಸ್‌ಫಿಲ್ಮ್ ಹೇಳಿದಾಗ ಓದುಗರಿಗೆ ಆದ ನೋವು ಸಣ್ಣದಲ್ಲ. ಇಪ್ಪತ್ತು ವರ್ಷ ಓದಿದ್ದಕ್ಕೆ ಬೆಲೆ ಇಲ್ಲವಾ ಅಂತ ಕೇಳಿದರು. ಆದರೆ 1991ರ ಕಾದಂಬರಿಯಲ್ಲಿ ಟಿಮೊತಿ ಜಾನ್ ಹುಟ್ಟಿಸಿದ ಥ್ರಾನ್ ಅನ್ನುವ ನೀಲಿ ಮುಖದ ಸೇನಾಪತಿ 2016ರಲ್ಲಿ ಅನಿಮೇಷನ್ ಸರಣಿಗೆ ಬಂದ, 2023ರಲ್ಲಿ 'ಅಸೋಕಾ' ಸರಣಿಯಲ್ಲಿ ನಿಜವಾದ ನಟನ ರೂಪದಲ್ಲೇ ಕಾಣಿಸಿಕೊಂಡ.

ಅಣ್ಣ 2019ರ 'ದಿ ರೈಸ್ ಆಫ್ ಸ್ಕೈವಾಕರ್' ನಂತರ ನಿಲ್ಲಿಸಿದ. ಜಗಳವಿಲ್ಲ, ಸಿಟ್ಟಿಲ್ಲ. "ನನಗೆ ಸಾಕು ಪುಟ್ಟ" ಅಂದ. ಅವನು ಮನೆಗೆ ಬಂದಾಗ ನಾನು ಆ ವಿಷಯ ತೆಗೆಯುವುದಿಲ್ಲ. ಕಳೆದ ಯುಗಾದಿಗೆ ಊಟ ಮುಗಿಸಿ ಕೈ ತೊಳೆಯುತ್ತ ಅವನೇ ಕೇಳಿದ: "ಆಂಡೋರ್ ಅಂತ ಏನೋ ಬಂದಿದೆಯಂತಲ್ಲ. ಅದರಲ್ಲಿ ಹಡಗುಗಳು ಹೇಗಿವೆ, ಹೊಳೀತವಾ?" ಇಲ್ಲ, ಹಳೇ ಹಡಗು ಒಡೆದು ಗುಜರಿ ಮಾಡುವ ಒಂದು ಊರೇ ಇದೆ ಅಂದೆ. ಮೊದಲ ಮೂರು ಎಪಿಸೋಡ್ ಒಟ್ಟಿಗೆ ನೋಡಬೇಕು ಅಂತಲೂ ಹೇಳಿದೆ. "ಹೂಂ" ಅಂದ. ನೋಡಿದನೋ ಇಲ್ಲವೋ ಗೊತ್ತಿಲ್ಲ. ನಾನು ಮತ್ತೆ ಕೇಳಿಲ್ಲ.